ದೊರೆಸಾನಿಯ ಬೆನ್ನು

ನಮ್ಮೂರಿನ ದೊರೆಸಾನಿಗೆ ಕುಪ್ಪಸ ಹೊಲಿಯುವುದು ಹುಡುಗಾಟದ ಮಾತಲ್ಲ. ಬೇರೆ ಊರಿನ ಸಿಂಪಿಗರು ಪುಣ್ಯವಂತರು. ಅವರ ಊರಿನ ಕಲ್ಲಿನ ವಿಗ್ರಹ ಒಮ್ಮೆ ಕೆತ್ತಿದ ಮೇಲೆ ಇದ್ದ ಹಾಗೇ ಇರುತ್ತದಂತೆ. ಅಜ್ಜ ತೆಗೆದ ಅಳತೆಗೇ ಮೊಮ್ಮಗನೂ ಹೊಲಿಯಬಹುದಂತೆ. ನಮ್ಮ ದೊರೆಸಾನಿಯೂ ಕಲ್ಲಿನವಳೇ, ಆದರೆ ಹಾಗಲ್ಲ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲಿನ ಹುಣ್ಣಿಮೆಯ ಬೆಳಿಗ್ಗೆ, ಚಾವಡಿಯ ಮುಂದೆ ಅವಳೆದುರು ಕೂತು ಅವಳ ಕತೆ ಓದುತ್ತಾರೆ. ಹೇಗೆ ಓದುತ್ತಾರೋ ಹಾಗೆ ಆಗುತ್ತಾಳೆ. ಮುಂದಿನ ಓದಿನ ತನಕ ಹಾಗೇ ನಿಂತಿರುತ್ತಾಳೆ. ಓದು ಮುಗಿದ ಮಧ್ಯಾಹ್ನ ನಾನು ಟೇಪು ಕೊರಳಿಗೆ ಹಾಕಿಕೊಂಡು ಅಳತೆ ತೆಗೆಯಲು ಹೋಗುತ್ತೇನೆ. ಏಣಿ ಬೇಕೋ ಬೇಡವೋ ಎಂಬುದು ಆಗಲೇ ಗೊತ್ತಾಗುವುದು.

ನನ್ನ ಹೆಸರು ವಿಠೋಬ. ಓದುವವಳು ನನ್ನ ಹೆಂಡತಿ ತುಳಜವ್ವ. ಓದುವ ಮಣೆ ನಮ್ಮ ಮನೆಗೆ ಸೇರಿದ್ದು, ಅತ್ತೆಯಿಂದ ಸೊಸೆಗೆ ಬರುತ್ತದೆ. ನನ್ನ ತಾಯಿ ಓದುವಾಗ ಮುಂದಿನ ಸಾಲಿನವರಿಗಷ್ಟೇ ಕೇಳಿಸುತ್ತಿತ್ತು. ತುಳಜವ್ವ ಮಣೆಯ ಮೇಲೆ ಕೂತಳೆಂದರೆ ಕೆರೆಯ ಆಚೆ ದಂಡೆಯಲ್ಲಿ ಎಮ್ಮೆ ತೊಳೆಯುವವರೂ ಕೈ ನಿಲ್ಲಿಸಿ ಕೇಳುತ್ತಾರೆ. ನನ್ನ ಹೆಂಡತಿ ಎಂದು ಹೇಳುತ್ತಿಲ್ಲ, ಇದು ಊರೆಲ್ಲ ಒಪ್ಪುವ ಮಾತು. ಸರಿ, ನನ್ನ ಹೆಂಡತಿ ಎಂದೂ ಹೇಳುತ್ತಿದ್ದೇನೆ. "ದೊರೆಸಾನಿಗೆ ರೂಪ ಕೊಡುವವಳು ಅವಳು, ಮಾನ ಮುಚ್ಚುವವನು ನಾನು" ಎಂದು ಎದೆಯುಬ್ಬಿಸಿ ಹೇಳಿಕೊಂಡು ಓಡಾಡುತ್ತಿದ್ದೆ. ಆ ಮಾತನ್ನು ಈಗ ಆಡುವುದಿಲ್ಲ. ಯಾಕೆ ಆಡುವುದಿಲ್ಲ ಎಂಬುದನ್ನೇ ಹೇಳಹೊರಟಿದ್ದೇನೆ.

ದೊರೆಸಾನಿ ಈ ಊರನ್ನು ಆಳಿದ್ದು ಯಾವ ಕಾಲದಲ್ಲೋ. ಹೊಳೆಯಾಚೆಯ ದೊಡ್ಡ ರಾಜ್ಯದವರು ಕಪ್ಪ ಕೇಳಿದರು, ಕೊಡುವುದಿಲ್ಲ ಎಂದಳು. ಅವರು ಕೋಟೆಗೆ ಬಂದು ಕೂತರು. ಗಂಡನನ್ನು ಕಳೆದುಕೊಂಡ ಹೆಂಗಸು ಏನು ಮಾಡಿಯಾಳು ಎಂದು ಹಗುರಾಗಿ ತಿಳಿದರು. ಅವಳು ಸುತ್ತಣ ಹಳ್ಳಿಗಳನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಅವರ ಠಾಣ್ಯಗಳನ್ನು ಒಂದರ ಹಿಂದೆ ಒಂದರಂತೆ ಸುಟ್ಟಳು. ಹೊಳೆಯ ದಂಡೆಯ ದೊಡ್ಡ ಕಾಳಗದಲ್ಲಿ ಸೋತಳು. ಗೆದ್ದವರು ನಮ್ಮ ಕಡೆಯ ಒಂದು ಓಲೆಗರಿಯನ್ನೂ ಉಳಿಸಲಿಲ್ಲ, ಬರೆಯಬಲ್ಲ ಒಬ್ಬನನ್ನೂ ಉಳಿಸಲಿಲ್ಲ. ಅಷ್ಟು ಮಾಡಿದ ಮೇಲೆ ತಾವೇ ಕೂತು ಅವಳ ಕತೆ ಬರೆದರು. ಅವರ ರಾಜ್ಯವೂ ಮುಂದೆ ಮಣ್ಣುಪಾಲಾಯಿತೆನ್ನಿ. ಆಗ ನಮ್ಮ ಹಿರಿಯರು ಅಲ್ಲಿಂದ ಮೂರು ಗ್ರಂಥಗಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ನಮ್ಮ ದೊರೆಸಾನಿಯ ಬಗ್ಗೆ ಲೋಕದಲ್ಲಿ ಇರುವುದು ಆ ಮೂರೇ. ಮೂರನ್ನೂ ಬರೆದವರು ಅವಳನ್ನು ಕೊಂದವರ ಕಡೆಯವರು. ಅವರಲ್ಲಿ ಒಬ್ಬನೂ ಅವಳನ್ನು ಕಣ್ಣಾರೆ ಕಂಡವನಲ್ಲ.

ಒಬ್ಬನನ್ನು ನಾವು ಅಳಿಯ ಎನ್ನುತ್ತೇವೆ. ಅವಳ ಮೇಲೆ ದಂಡು ತಂದ ಸೇನಾಪತಿಯ ಕೈಕೆಳಗಿದ್ದವನೊಬ್ಬನಿಗೆ ಈತ ಅಳಿಯ. ಮಾವನ ಬಾಯಿಂದ ಕೇಳಿದ್ದನ್ನು ಬರೆದ. ಇವನ ಗ್ರಂಥದಲ್ಲಿ ದೊರೆಸಾನಿ ಬಲು ಚೆಲುವೆ, ಕಣ್ಣು ತುಂಬಿಕೊಂಡು ನೆಲ ನೋಡುವವಳು. ಕಾಳಗದ ಮೊದಲು ಅವಳ ಬಾಯಲ್ಲಿ ಇವನು ಒಂದು ಭಾಷಣ ಆಡಿಸಿದ್ದಾನೆ. ನಮ್ಮೂರಿನ ಮಕ್ಕಳೆಲ್ಲ ಅದನ್ನು ಬಾಯಿಪಾಠ ಮಾಡುತ್ತಾರೆ. ಹಗೆಯವನು ಬರೆದದ್ದಾದರೂ ಭಾಷಣ ಮಾತ್ರ ಚೆನ್ನಾಗಿದೆ. ಇನ್ನೊಬ್ಬ ಆಸ್ಥಾನ ಕವಿ. ಕಾಳಗ ಮುಗಿದು ನಾಲ್ಕಾರು ತಲೆಮಾರು ಕಳೆದ ಮೇಲೆ ಹುಟ್ಟಿದವನು. ಇವನಿಗೆ ಎಲ್ಲವೂ ದೊಡ್ಡದೇ ಆಗಬೇಕು. ತಾಳೆಮರದೆತ್ತರ, ಮೊಣಕಾಲಿಗೆ ಬೀಳುವ ಕೂದಲು, ಗುಡುಗಿನಂಥ ದನಿ. ಮೂರನೆಯವನು ಒಬ್ಬ ಸನ್ಯಾಸಿ. ರಾಜನ ಮಾತು ಮೀರಿದ ಹೆಂಗಸಿಗೆ ಏನು ಗತಿಯಾಗುತ್ತದೆ ಎಂದು ಶಿಷ್ಯರಿಗೆ ಬುದ್ಧಿ ಹೇಳಲು ಬರೆದ. ಇವನಲ್ಲಿ ಅವಳು ರಕ್ಕಸಿ. ಕೋರೆಹಲ್ಲು, ಮೆಳ್ಳಗಣ್ಣು, ಗೂನುಬೆನ್ನು, ಯಾವುದಕ್ಕೂ ಕಡಿಮೆ ಮಾಡಿಲ್ಲ.

ಒಂದೊಂದು ವರ್ಷ ಒಂದೊಂದು ಗ್ರಂಥದ ಪಾಳಿ. ಊರು ಇದಕ್ಕೆಲ್ಲ ಹೊಂದಿಕೊಂಡಿದೆ. ಕವಿಯ ವರ್ಷಕ್ಕೆಂದೇ ಚಾವಡಿ ಮುಂದಿನ ಚಪ್ಪರವನ್ನು ಬಿಚ್ಚಲು ಬರುವ ಹಾಗೆ ಕಟ್ಟಿದ್ದಾರೆ. ಬಳೆಗಾರರು ಗಾಡಿಗಾಲಿಯಷ್ಟು ದೊಡ್ಡ ಬಳೆಗಳನ್ನು ಅಟ್ಟದ ಮೇಲಿಟ್ಟಿದ್ದಾರೆ. ನಾನು ಹೊಲಿದ ಕುಪ್ಪಸವನ್ನು ಹಗ್ಗ ಕಟ್ಟಿ ಮೇಲೆಳೆಯಬೇಕು. ಒಮ್ಮೆ ಗಾಳಿಗೆ ಹಾರಿ ನನ್ನನ್ನೇ ಸುತ್ತಿಕೊಂಡು ಏಣಿಯಿಂದ ಕೆಡವಿತ್ತು. ಸನ್ಯಾಸಿಯ ವರ್ಷ ಹೊರಗಿನವರು ಬಂದರೆ ಬೆದರುತ್ತಾರೆ. ನಮ್ಮ ಹೆಂಗಸರು ಮಾತ್ರ ಆ ರಕ್ಕಸಿಯ ಕೋರೆಹಲ್ಲಿಗೂ ಅರಿಶಿನ ಹಚ್ಚಿ, "ಜಡ್ಡು ಬಂದ ತಾಯಿ ಚಂದ ಕಾಣ್ತಾಳೇನು, ತಾಯಿ ತಾಯಿನ" ಎನ್ನುತ್ತಾರೆ. ಗೂನುಬೆನ್ನಿಗೆ ಬಟ್ಟೆ ಕತ್ತರಿಸುವುದು ಬಲು ಕಷ್ಟ. ಹಾಗಂತ ನಾನೆಂದೂ ಗೊಣಗಿದವನಲ್ಲ.

ಇನ್ನೊಂದು ಪದ್ಧತಿ ಹೇಳಬೇಕು. ಓದಿನ ನಡುವೆ ಒಂದು ಕಡೆ, ಮೂರು ಗ್ರಂಥಗಳಲ್ಲೂ ಕಾಳಗ ಶುರುವಾಗುವ ತುಸು ಮೊದಲು, ಓದುವವಳು ಎಡಗೈ ಎತ್ತುತ್ತಾಳೆ. ಕೂಡಲೇ ಹಲಗೆಯ ಫಕೀರಪ್ಪ ಹಲಗೆ ಬಾರಿಸತೊಡಗುತ್ತಾನೆ. ಅವಳು ಆ ಸಾಲುಗಳನ್ನು ಕಣ್ಣಲ್ಲೇ ದಾಟಿ ಕೈ ಇಳಿಸಿದಾಗ ಹಲಗೆ ನಿಲ್ಲುತ್ತದೆ. ಅಲ್ಲಿ ದೊರೆಸಾನಿಗೆ ಅವಮಾನದ ಮಾತು ಏನೋ ಇದೆಯೆಂದು ನಮಗೆಲ್ಲ ಗೊತ್ತು. ಏನೆಂಬುದು ಓದುವವಳಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ. ನಮ್ಮವ್ವನ ಅವಮಾನ ನಮ್ಮ ಕಿವಿಗೇ ಬೀಳಬಾರದು ಎಂದು ಹಿರಿಯರು ಅಭಿಮಾನದಿಂದ ಮಾಡಿದ ಕಟ್ಟು ಅದು. ಹಲಗೆ ಬಾರಿಸುವಾಗ ನಾವು ಗಂಡಸರು ಮೀಸೆ ತಿರುವುತ್ತ ನಿಲ್ಲುತ್ತಿದ್ದೆವು.

ಒಂದು ವರ್ಷ ಕವಿಯ ಪಾಳಿ ಆಗಿತ್ತು. ಮರುವರ್ಷದ ಓದು ಹತ್ತಿರ ಬಂದಾಗ ಹಳೆಯ ಕುಪ್ಪಸ ಬಿಚ್ಚಲು ಏಣಿ ಹತ್ತಿದೆ. ಬಟ್ಟೆ ಜಾರಿಸಿದರೆ ಕತ್ತಿನಿಂದ ಸೊಂಟದ ತನಕ, ಬೆನ್ನಿಗೆ ಓರೆಯಾಗಿ, ಒಂದು ಬಿರುಕು. ಬೆರಳಿಟ್ಟರೆ ಉಗುರು ಒಳಗೆ ಹೋಯಿತು. ಚಾವಡಿಯ ಹಿರಿಯರಾದ ಮುರಿಗೆಪ್ಪಜ್ಜ ಕಲ್ಲುಕುಟಿಗರನ್ನು ಕರೆಸಿದರು. ಅವರು ಅಲ್ಲಿ ಇಲ್ಲಿ ಬಡಿದು ಕಿವಿಯಿಟ್ಟು ಕೇಳಿ, "ಹಿಗ್ಗಿ ಕುಗ್ಗಿ ಕಲ್ಲು ಸೋತೈತ್ರಿ. ಇನ್ನೊಂದು ಸಲ ರೂಪ ಬದಲಾದ್ರ ತಡಕೋತೈತಿ. ಅದರಾಚೆ ಬದಲಾದ್ರ ಒಡದು ಹೋಗ್ತಾಳ" ಎಂದರು.

ಅಂದರೆ ಆ ವರ್ಷ ಏನು ಓದುತ್ತೇವೋ ಅದೇ ಕಡೆಯದು. ನಮ್ಮ ಮಕ್ಕಳು, ಅವರ ಮಕ್ಕಳು, ಎಲ್ಲರೂ ನೋಡುವ ದೊರೆಸಾನಿ ಅದೇ. ಪಾಳಿ ನೋಡಿದರೆ ಸನ್ಯಾಸಿಯದು. ಊರಿಗೆ ಊರೇ ಚಾವಡಿಯಲ್ಲಿ ಸೇರಿತು. ಪಾಳಿ ತಪ್ಪಿಸಬಾರದು ಎಂದು ಇಬ್ಬರು ಹೇಳಿದರೆ, ಅವರನ್ನು ಅವರ ಮನೆಯ ಹೆಂಗಸರೇ ಬೈದು ಕೂರಿಸಿದರು. ಕವಿಯದನ್ನು ಓದಿ ದೊಡ್ಡವಳಾಗೇ ಇರಲಿ ಎಂದರು ಗರಡಿಯ ಹುಡುಗರು. ಅಷ್ಟು ಹಿಗ್ಗಿಕೊಂಡೇ ನಿಂತರೆ ತನ್ನ ಭಾರಕ್ಕೇ ಒಡೆದೀತು ಎಂದರು ಕಲ್ಲುಕುಟಿಗರು. ಕಡೆಗೆ ಮುರಿಗೆಪ್ಪಜ್ಜ, "ಅಳಿಯಂದ ಓದೋಣು. ಕಡೀಗೆ ಚಂದರ ಇರ್ತಾಳ" ಎಂದರು. ಎಲ್ಲರೂ ಹೌದು ಹೌದು ಎಂದರು. ನಾನಂತೂ ಎಲ್ಲರಿಗಿಂತ ಜೋರಾಗಿ ಹೌದೆಂದೆ. ಅಳಿಯನ ದೊರೆಸಾನಿಯ ಅಳತೆ ನನಗೆ ಬಾಯಿಪಾಠ. ಮೊದಲ ಬಾರಿಗೆ ಓದಿನ ಮುಂಚೆಯೇ ಕುಪ್ಪಸ ಹೊಲಿದಿಡಬಹುದಿತ್ತು. ಹಸಿರು ರೇಷ್ಮೆ ತಂದೆ. ಕಡೆಯ ಕುಪ್ಪಸವಲ್ಲವೇ, ಬೆನ್ನಿನ ಮೇಲೆ ತುಂಬ ಜರಿಯ ಬಳ್ಳಿ ಹೆಣೆಯಬೇಕೆಂದು ಕೂತೆ. ಬಾಳಿನಲ್ಲಿ ಅಷ್ಟು ನಾಜೂಕಾದ ಕೆಲಸ ನಾನು ಮಾಡಿರಲಿಲ್ಲ.

ತುಳಜವ್ವ ಮಾತ್ರ ಹೌದು ಎಂದಿರಲಿಲ್ಲ. ಮೂರು ಗ್ರಂಥಗಳನ್ನೂ ಹೊರಗೆ ತೆಗೆದು, ಜಗಲಿಯ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟುಕೊಂಡು ದಿನಗಟ್ಟಲೆ ಓದಿದಳು. ಹಾಗೆ ಮೂರನ್ನೂ ಒಟ್ಟಿಗೆ ಓದುವ ಪದ್ಧತಿ ಇರಲಿಲ್ಲ. ಪಾಳಿ ಬಂದ ಗ್ರಂಥವನ್ನಷ್ಟೇ ಬಿಚ್ಚುವುದು. ನಾನು ಜರಿ ಹೆಣೆಯುತ್ತ ಕೂತಿದ್ದ ಒಂದು ಬೆಳಿಗ್ಗೆ ನನ್ನ ಹತ್ತಿರ ಬಂದು ಕೂತಳು.

"ಏನ್ರೀ, ಆಕಿ ಬೆನ್ನು ಹೆಂಗೈತಿ?"

"ಈಗ ಬಿರುಕು ಬಿಟ್ಟೈತಿ."

"ಅದಲ್ರಿ. ಇಷ್ಟು ವರ್ಷ ಕುಪ್ಪಸ ತೊಡಿಸೀರಿ. ಆಕಿ ಬೆನ್ನು ನೋಡಿದವರು ಊರಾಗ ನೀವೊಬ್ರ. ಹೆಂಗಿರತಿತ್ತು?"

"ಅಳಿಯನ ವರ್ಷ ನುಣ್ಣಗ, ಕನ್ನಡಿ ಇದ್ದಂಗ. ಕವಿದರಾಗ ಅಗಲ, ಆದ್ರೂ ನುಣ್ಣಗ. ಸನ್ಯಾಸಿದರಾಗ ಗೂನು, ಅದೂ ನುಣ್ಣಗ. ಯಾಕ?"

ಅವಳು ನನ್ನ ಕೈಯಲ್ಲಿದ್ದ ರೇಷ್ಮೆಯನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಹಲಗಿ ಬಾರಸ್ತಾರಲ್ಲ, ಅಲ್ಲಿ ಏನೈತಿ ಹೇಳ್ತೇನಿ" ಎಂದಳು. ನನ್ನ ತಾಯಿ ನನಗಾಗಲಿ ನನ್ನ ತಂದೆಗಾಗಲಿ ಹೇಳದೆ ಕಣ್ಣು ಮುಚ್ಚಿದ ಮಾತನ್ನು ನನ್ನ ಹೆಂಡತಿ ಹೇಳಿದಳು. ಕಪ್ಪ ಕೊಡುವುದಿಲ್ಲ ಎಂದದ್ದಕ್ಕೆ, ಕೋಟೆಗೆ ಬಂದು ಕೂತ ಹೊಳೆಯಾಚೆಯವರು ದೊರೆಸಾನಿಯನ್ನು ಇದೇ ಚಾವಡಿಯ ಕಂಬಕ್ಕೆ ಕಟ್ಟಿ, ಊರವರನ್ನೆಲ್ಲ ಕರೆಸಿ ನಿಲ್ಲಿಸಿ, ಬಾರುಕೋಲಿನಿಂದ ಹೊಡೆಸಿದ್ದರು.

ಸೂಜಿ ನನ್ನ ಬೆರಳಿಗೆ ಚುಚ್ಚಿತು. ದೊರೆಸಾನಿಯನ್ನು ಹೊಡೆಸಿದರೆಂಬ ಮಾತನ್ನು ನನ್ನ ತಲೆಯೊಳಗೆ ತಂದುಕೊಳ್ಳಲಿಕ್ಕೇ ನನಗಾಗಲಿಲ್ಲ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. "ಸುಳ್ಳು ಬರದಾರ. ಆಕಿನ್ನ ಕೀಳು ಮಾಡಾಕ ಬರದಾರ" ಎಂದೆ.

"ನಾನೂ ಹಂಗ ತಿಳಕೊಂಡಿದ್ದೆ. ಮೂರೂ ಕೂಡಿಸಿ ಓದೂತನಕ. ಎತ್ತರ ಎಷ್ಟು ಅನ್ನೂದ್ರಾಗ ಮೂರೂ ಮಂದಿ ಕೂಡೂದಿಲ್ಲ. ಕಣ್ಣು ಕೂಡೂದಿಲ್ಲ, ಕೂದ್ಲ ಕೂಡೂದಿಲ್ಲ. ಆ ಭಾಷಣ ಐತಲ್ಲ, ಅದು ಆಕಿ ಆಡಿದ್ದಲ್ರಿ, ಅಳಿಯ ಆಡಿಸಿದ್ದು. ಆಕಿ ಮಾತು ಕೇಳಿದ ನಮ್ಮವರು ಒಬ್ರೂ ಉಳಿದಿಲ್ಲ, ಅವನ ಕಿವ್ಯಾಗ ಯಾರು ಹೇಳಿರಬೇಕು? ಆಕಿನ್ನ ಚಂದ ಮಾಡಿದ್ದು ಕಣ್ಣೀರು ಹಾಕಸಾಕ. ದೊಡ್ಡಾಕಿ ಮಾಡಿದ್ದು ತಮ್ಮ ಗೆಲುವು ದೊಡ್ಡದಾಗಲಿ ಅಂತ. ಕೆಟ್ಟಾಕಿ ಮಾಡಿದ್ದು ತಾವು ಒಳ್ಳೇವರಾಗಲಿ ಅಂತ. ಆದ್ರ ಒಂದು ಮಾತಿನ್ಯಾಗ ಮಾತ್ರ ಮೂರೂ ಮಂದಿ ಕೂಡ್ತಾರ. ಆಕಿ ಆ ಬೆನ್ನು ಮುಚ್ಚಲಿಲ್ಲ. ಕಾಳಗದ ದಿನ ಬೆನ್ನು ತೆರಕೊಂಡು, ಎಲ್ಲಾರಿಗೂ ಕಾಣೂ ಹಂಗ, ದಂಡಿನ ಮುಂದ ನಿಂತಳು. ಮೂರೂ ಮಂದಿ ಇದಕ್ಕ ಬೈದಾರ. ಬೈದಾರಂದ್ರ ನಡದೈತಿ ಅಂತ ಅರ್ಥ."

ತುಳಜವ್ವ ರೇಷ್ಮೆಯ ಮೇಲಿನ ಜರಿಬಳ್ಳಿಯನ್ನು ಬೆರಳಿನಿಂದ ಸವರಿದಳು.

"ಆಕಿ ತೋರಿಸಿದ್ದನ್ನ ನಾವು ಮುಚ್ಚೇವ್ರಿ. ಅವರೆಲ್ಲ ಸುಳ್ಳು ಬರದ್ರು, ಒಂದು ಖರೇ ಬರದ್ರು. ಆ ಖರೇ ಒಂದನ್ನ ಬಿಟ್ಟು ಉಳಿದದ್ದೆಲ್ಲಾ ನಾವು ಓದಿಕೋತ ಬಂದೀವಿ. ಈ ವರ್ಷ ಓದ್ಲಿಲ್ಲಂದ್ರ ಆಕಿ ಬೆನ್ನು ಎಂದೆಂದಿಗೂ ನುಣ್ಣಗ ಉಳೀತೈತಿ."

ಅವಳ ಮನಸ್ಸಿನಲ್ಲಿ ಏನಿದೆಯೆಂದು ಅರ್ಥವಾಯಿತು. ನಾನು ಹೆದರಿದೆ. ಹೆದರಿದವನು ಮಾಡುವುದನ್ನೇ ಮಾಡಿದೆ, ಸಿಟ್ಟು ಮಾಡಿದೆ. "ಬಿರುಕು ಬೆನ್ನಿಗೇ ಐತಿ. ಅದರ ಮ್ಯಾಲೆ ಬಾರುಕೋಲು ಓದ್ತೀ? ಓದಿದ ಕೂಡ್ಲೆ ಎರಡು ಹೋಳಾದ್ರ? ಊರು ನಮ್ಮನ್ನ ಉಳಸತೈತೇನು? ಮಣೀ ಹೋಗ್ತೈತಿ, ನಮ್ಮ ಹೆಸರೂ ಹೋಗ್ತೈತಿ" ಎಂದು ಕೂಗಾಡಿದೆ. ಅವಳು ಎದುರಾಡಲಿಲ್ಲ. "ನೀವಂದದ್ದೂ ಖರೇನ" ಎಂದು ಎದ್ದು ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ದಿನ ರೊಟ್ಟಿ ಬಡಿದ ಸದ್ದು ನಾಲ್ಕು ಮನೆಯಾಚೆಗೂ ಕೇಳಿಸಿರಬೇಕು. ಓದಿನ ದಿನದವರೆಗೆ ನಾವಿಬ್ಬರೂ ಊಟಕ್ಕೆ, ನೀರಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆವು. ನಾನು ಜರಿಯ ಬಳ್ಳಿ ಮುಗಿಸಿದೆ. ಚೆನ್ನಾಗಿ ಬಂದಿತ್ತು. ನೋಡಿದರೆ ಮಾತ್ರ ಸಂತೋಷವಾಗುತ್ತಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕವಿಯ ದೊರೆಸಾನಿ ಕಡೆಯ ಸಲ ಆಕಾಶಕ್ಕೆ ತಲೆ ಕೊಟ್ಟು ನಿಂತಿದ್ದಳು. ತುಳಜವ್ವ ಬಂದಳು. ಕಂಕುಳಲ್ಲಿ ಮೂರು ಗ್ರಂಥಗಳೂ ಇದ್ದವು. ಮುರಿಗೆಪ್ಪಜ್ಜ ಹುಬ್ಬೇರಿಸಿದರು. ನಾನು ಕುಪ್ಪಸದ ಬುಟ್ಟಿ ಹಿಡಿದುಕೊಂಡು ಫಕೀರಪ್ಪನ ಪಕ್ಕದಲ್ಲಿ, ನನ್ನ ಯಾವತ್ತಿನ ಜಾಗದಲ್ಲಿ ನಿಂತೆ.

ಅವಳು ಅಳಿಯನ ಗ್ರಂಥ ಬಿಚ್ಚಿ ಓದತೊಡಗಿದಳು. ಓದು ಸಾಗಿದ ಹಾಗೆ ಕಲ್ಲು ಕುಗ್ಗತೊಡಗಿತು. ತಾಳೆಮರದ ಎತ್ತರ ಇಳಿದು ಹೆಂಗಸಿನ ಎತ್ತರಕ್ಕೆ ಬಂತು. ಹೆಗಲು ಇಳಿಯಿತು, ಮುಖ ತಿದ್ದಿಕೊಂಡಿತು, ಚೆಲುವಾಯಿತು. ಕಣ್ಣು ತುಂಬಿಕೊಂಡು ನೆಲ ನೋಡಿತು. ಹಿಂದಿನ ಸಾಲಿನಲ್ಲಿ ಮುದುಕಿಯರು ಲೊಚಗುಟ್ಟಿದರು. ಬಿರುಕು ಬಿಟ್ಟ ಕಡೆಯಿಂದ ಕಲ್ಲಿನ ಪುಡಿ ಸುರಿಯುತ್ತಿದ್ದುದು ನನಗೆ ಕಾಣಿಸುತ್ತಿತ್ತು. ಓದು ಆ ಜಾಗಕ್ಕೆ ಬಂತು. ತುಳಜವ್ವ ಎಡಗೈ ಎತ್ತಲಿಲ್ಲ.

ಫಕೀರಪ್ಪ ಪಾಪ, ಹುಟ್ಟಿದಾಗಿನಿಂದ ಹಲಗೆಯವನು. ಅವಳು ಕೈ ಎತ್ತುವುದನ್ನು ಮರೆತಳೆಂದುಕೊಂಡು ತಾನೇ ಕೋಲು ಎತ್ತಿದ. ಒಂದು ಪೆಟ್ಟು ಬಿತ್ತು. ತುಳಜವ್ವ ಓದು ನಿಲ್ಲಿಸಿ ತಲೆ ಎತ್ತಿದಳು. ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬೇಡುವ ನೋಟವಲ್ಲ, ಬೈಯುವ ನೋಟವೂ ಅಲ್ಲ. ನೀವೇನು ಮಾಡುತ್ತೀರೋ ನೋಡೋಣ ಎಂಬ ಹಾಗಿತ್ತು. ನಾನು ಬುಟ್ಟಿ ಕೆಳಗಿಟ್ಟು ಹಲಗೆಯ ಮೇಲೆ ನನ್ನ ಅಂಗೈ ಊರಿದೆ. ಎರಡನೆಯ ಪೆಟ್ಟು ನನ್ನ ಕೈಮೇಲೆ ಬಿತ್ತು. ಹಲಗೆ ಸುಮ್ಮನಾಯಿತು.

ಆಗ ಅವಳು ಓದಿದಳು. "ಬಾರುಕೋಲಿನ ಬಾಸುಂಡೆಗಳೆದ್ದ ಬೆನ್ನನ್ನು ಆಕೆ ಮುಚ್ಚಲಿಲ್ಲ. ತೆರೆದ ಬೆನ್ನಿನಲ್ಲೇ ತನ್ನ ದಂಡಿನ ಮುಂದೆ ನಿಂತಳು. ಆ ನಾಡಿನ ಹೆಂಗಸರು ಲಜ್ಜೆಯನ್ನರಿಯರು."

ಜನ ಗದ್ದಲವೆಬ್ಬಿಸಿದರು. ಮುರಿಗೆಪ್ಪಜ್ಜ ಎದ್ದು ನಿಂತು, "ತುಳಜವ್ವಾ, ನಿಲ್ಲಸವ್ವಾ! ನಮ್ಮ ಹಿರ್ಯಾರು ಕಟ್ಟಿದ ಕಟ್ಟು ಅದು! ಕಲ್ಲು ಒಡೀತೈತಿ!" ಎಂದು ಕೂಗಿದರು. ಬೆನ್ನಿನ ಕಡೆಯಿಂದ ಟಪ್ ಟಪ್ ಎಂದು ಚೂರು ಬೀಳುತ್ತಿದ್ದವು. ಅವಳು ಅಳಿಯನ ಗ್ರಂಥ ಪಕ್ಕಕ್ಕಿಟ್ಟು ಕವಿಯದನ್ನು ತೆಗೆದಳು. "ಒಡವೆಗಳನ್ನು ಮೆರೆಸುವಂತೆ ಬೆನ್ನಿನ ಬಾಸುಂಡೆಗಳನ್ನು ಮೆರೆಸುತ್ತ ಆ ಘೋರಾಂಗಿಯು ದಂಡಿನ ಮುಂದೆ ನಿಂತಳು." ಸನ್ಯಾಸಿಯದನ್ನು ತೆಗೆದಳು. "ನಾಚಿಕೆಗೆಟ್ಟ ಆ ಹೆಣ್ಣು ಬೆನ್ನು ತೆರೆದುಕೊಂಡು ಗಂಡಸರ ಮುಂದೆ ನಡೆದಳು."

ಮೂರನ್ನೂ ಮುಚ್ಚಿದಳು. "ಹಿರ್ಯಾರ, ಮೂರೂ ಮಂದಿ ಹಗೆಗಳು. ಒಬ್ಬರ ಮಾರಿ ಒಬ್ಬರು ನೋಡಿದವರಲ್ಲ. ಅವರು ಕೂಡಿ ಒಪ್ಪಿದ್ದು ಇದೊಂದನ್ನ. ಇದಕ್ಕಿಂತ ಹೆಚ್ಚಿಂದು ಆಕೀದು ನಮ್ಮ ಕಡೆ ಏನೂ ಇಲ್ರಿ. ನನ್ನ ಓದು ಮುಗೀತು" ಎಂದು ಮಣೆಯಿಂದ ಎದ್ದಳು.

ಕಲ್ಲು ಒಡೆಯಲಿಲ್ಲ. ನಾನು ಹಿಂದೆ ಹೋಗಿ ನೋಡಿದೆ. ಬಿರುಕಿದ್ದ ಜಾಗದಲ್ಲಿ ಕಲ್ಲು ಉಬ್ಬಿ ಬೆಸೆದುಕೊಂಡು ಒಂದು ಬಾಸುಂಡೆಯಾಗಿತ್ತು. ಅದರ ಪಕ್ಕ ಇನ್ನೊಂದು, ಅದರ ಮೇಲೆ ಹಾದು ಮತ್ತೊಂದು, ಬೆನ್ನು ತುಂಬ. ಕೈಯಿಟ್ಟರೆ ಗಟ್ಟಿ ಇತ್ತು. ಅಷ್ಟರಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬಳು ಚೀರಿದಳು. ದೊರೆಸಾನಿ ನೆಲ ನೋಡುವುದನ್ನು ಬಿಟ್ಟು ತಲೆ ಎತ್ತಿದ್ದಳು. ಬೆನ್ನನ್ನು ತನ್ನವರಿಗೆ ಕೊಟ್ಟು ನಿಂತವಳ ಮುಖ ಹಗೆಯ ಕಡೆಗೇ ಇರಬೇಕಲ್ಲ. ಕಣ್ಣಲ್ಲಿ ನೀರಿರಲಿಲ್ಲ. ಅಳಿಯನ ಚೆಲುವೂ ಅಷ್ಟಾಗಿ ಇರಲಿಲ್ಲ. ನಮ್ಮ ಓಣಿಯಲ್ಲಿ ನೀರು ಹೊತ್ತುಕೊಂಡು ಹೋಗುವ ಯಾವ ಹೆಂಗಸಾದರೂ ಆಗಬಹುದಾದ ಮುಖ.

ಮುರಿಗೆಪ್ಪಜ್ಜ ಕೋಲೂರಿಕೊಂಡು ಹಿಂದೆ ಬಂದರು. ಬಹಳ ಹೊತ್ತು ನೋಡಿದರು. ಒಂದೊಂದು ಬಾಸುಂಡೆಯನ್ನೂ ಬೆರಳಿಂದ ಮುಟ್ಟಿದರು. ತುಳಜವ್ವ ಕೈಕಟ್ಟಿ ನಿಂತಿದ್ದಳು. ಮಣೆ ಕಸಿದುಕೊಂಡರೆ ಕೊಟ್ಟುಬಿಡಲು ತಯಾರಾಗಿದ್ದಳೆಂದು ಆಮೇಲೆ ನನಗೆ ಹೇಳಿದಳು. ಅಜ್ಜ ತಲೆಯ ಪಟಗಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಇಷ್ಟೆಲ್ಲಾ ಉಂಡು ಎದ್ದು ನಿಂತಾಕಿನ್ನ ನಾವು ಬರೇ ಕಣ್ಣೀರು ಹಾಕಸ್ಕೋತ ಕೂತಿದ್ವಲ್ಲೋ ವಿಠೋಬಾ."

ಆಮೇಲೆ ಬುಟ್ಟಿಯ ಕಡೆ ನೋಡಿ, "ಕುಪ್ಪಸ ತಂದೀಯೇನು?" ಎಂದರು.

ಹಸಿರು ಕುಪ್ಪಸ ತೆಗೆದೆ. ಬಿಸಿಲಿಗೆ ಬೆನ್ನಿನ ಜರಿಬಳ್ಳಿ ಥಳಥಳ ಎಂದಿತು. ಸುತ್ತ ನಿಂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸೊಂಟದಿಂದ ಕತ್ತರಿ ತೆಗೆದು, ಒಂದು ತಿಂಗಳು ಹೆಣೆದ ಆ ಬಳ್ಳಿಯ ನಡುವೆಯೇ ಇಳಿಸಿದೆ. ಬೆನ್ನು ಪೂರಾ ಕತ್ತರಿಸಿ ತೆಗೆದು, ಕತ್ತಿನ ಹಿಂದೆ ಒಂದು ಕಸೆ, ಸೊಂಟದ ಹತ್ತಿರ ಒಂದು ಕಸೆ ಇಟ್ಟು ಅಲ್ಲೇ ಕೂತು ಅಂಚು ಹೊಲಿದೆ. ತೊಡಿಸಿದೆ. ನಾನು ಹೊಲಿದದ್ದರಲ್ಲೆಲ್ಲ ಅವಳಿಗೆ ಸರಿಯಾಗಿ ಕೂತ ಕುಪ್ಪಸ ಅದೊಂದೇ. ತುಳಜವ್ವ ಬಂದು ಕಸೆ ಕಟ್ಟಿದಳು, ಪೆಟ್ಟು ಬಿದ್ದು ಊದಿದ್ದ ನನ್ನ ಕೈಯನ್ನು ಎಲ್ಲರೆದುರೇ ಹಿಡಿದು ನೋಡಿದಳು. ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ? ಊರ ತುಂಬ ಕೂಗಿಕೊಂಡು ಓಡಬೇಕೆನಿಸಿತು.

ಈಗ ಓದು ಇಲ್ಲ. ನನ್ನ ಏಣಿ ಹಿತ್ತಲಿನಲ್ಲಿ ಅವರೆಬಳ್ಳಿ ಹಬ್ಬಿಸಿಕೊಂಡು ನಿಂತಿದೆ. ಹುಣ್ಣಿಮೆಯ ದಿನ ಫಕೀರಪ್ಪ ಬಂದು ಮನಸಾರೆ ಹಲಗೆ ಬಾರಿಸುತ್ತಾನೆ, ಏನನ್ನೂ ಮುಚ್ಚಲಿಕ್ಕಲ್ಲ. ನಮ್ಮೂರಿಗೆ ಯಾರಾದರೂ ಬಂದು ದೊರೆಸಾನಿಯನ್ನು ನೋಡಬೇಕೆಂದರೆ ನಾವು ಅವರನ್ನು ಎದುರಿನಿಂದ ಕರೆದೊಯ್ಯುವುದಿಲ್ಲ. ಎದುರಿಗೆ ನಿಂತವರು ಹೊಳೆಯಾಚೆಯವರು. ಹಿತ್ತಲ ಓಣಿಯಿಂದ ಸುತ್ತಿ ಬಂದು ಅವಳ ಬೆನ್ನ ಹಿಂದೆ ನಿಲ್ಲಿಸುತ್ತೇವೆ, ಅವಳ ದಂಡು ನಿಂತಿದ್ದ ಕಡೆಗೆ.